ಬಿಸಿನೀರು ಮೂರ್ಛೆಯ ಜಾಡು ಹಿಡಿದು

ನೀರು ಎಷ್ಟು ಬಿಸಿ ಇತ್ತು? ಹಂಡೆಯಿಂದ ಮೊಗೆದದ್ದೇ ಸುರಿದದ್ದೋ, ತಣ್ಣೀರು ಬೆರೆಸಿದ್ದೋ? ಮೊದಲು ಮೈಗೆ ಹಾಕಿಕೊಂಡಿರೋ, ತಲೆಗೋ? ಎಷ್ಟನೇ ಚೊಂಬಿಗೆ ಹೀಗಾಯಿತು? ನೀವೇ ಸುರಿದುಕೊಂಡಿರೋ, ಬೇರೆಯವರು ಎರೆಯುತ್ತಿದ್ದರೋ? ತಲೆಸ್ನಾನ ವಾರಕ್ಕೊಮ್ಮೆಯೋ, ಹದಿನೈದು ದಿನಕ್ಕೊಮ್ಮೆಯೋ?

ಮಿದುಳಿನ ಡಾಕ್ಟರು ಕೇಳುವ ಪ್ರಶ್ನೆಗಳು ಇವು ಎಂದರೆ ನಗು ಬರಬಹುದು. ಆದರೆ ಹಳೇ ಮೈಸೂರು ಸೀಮೆಯಲ್ಲಿ ಮೂರ್ಛೆರೋಗ ನೋಡುವ ವೈದ್ಯರಿಗೆ ಇವು ಎಷ್ಟೋ ಸಲ ಸ್ಕ್ಯಾನಿಂಗ್‌ಗಿಂತ ಹೆಚ್ಚು ಕೆಲಸಕ್ಕೆ ಬರುತ್ತವೆ. ಏಕೆಂದರೆ ಇಲ್ಲಿ ಒಂದು ವಿಶೇಷ ಬಗೆಯ ಮೂರ್ಛೆ ಇದೆ. ಅದು ಬರುವುದು ಬಚ್ಚಲಲ್ಲಿ, ತಲೆಗೆ ಬಿಸಿನೀರು ಬಿದ್ದಾಗ. ರೋಗಿ ಎದ್ದು ಬಂದು ಆಸ್ಪತ್ರೆಯಲ್ಲಿ ಕೂತಾಗ ಸ್ಕ್ಯಾನಿಂಗ್ ಮಾಡಿದರೆ ಸಾಮಾನ್ಯವಾಗಿ ಏನೂ ಕಾಣದು. ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಇಇಜಿ ಕೂಡ ಬಹುಪಾಲು ಮಂದಿಯಲ್ಲಿ ಸರಿಯಾಗಿಯೇ ಇರುತ್ತದೆ. ರೋಗ ಗೊತ್ತಾಗುವುದು ಸ್ನಾನದ ಕಥೆಯಿಂದ.

‘ಹಾಟ್ ವಾಟರ್ ಎಪಿಲೆಪ್ಸಿ’ ಎಂಬುದು ಇದರ ವೈದ್ಯಕೀಯ ಹೆಸರು. ಬಿಸಿನೀರನ್ನು ಒಂದರ ಹಿಂದೊಂದು ಚೊಂಬು ತಲೆಯ ಮೇಲೆ ಸುರಿದುಕೊಳ್ಳುವಾಗ, ಇಲ್ಲವೇ ಸ್ನಾನ ಮುಗಿಯುವ ಹೊತ್ತಿಗೆ ಫಿಟ್ಸ್ ಬರುತ್ತದೆ. ಎಲ್ಲರೂ ಕೈಕಾಲು ಸೆಟೆದು ಬೀಳುವುದಿಲ್ಲ. ಹೆಚ್ಚಿನವರು ಇದ್ದಕ್ಕಿದ್ದಂತೆ ನೆಟ್ಟ ನೋಟದಲ್ಲಿ ಕೂತುಬಿಡುತ್ತಾರೆ. ಕರೆದರೆ ಓಗೊಡುವುದಿಲ್ಲ. ಸಂಬಂಧವಿಲ್ಲದ ಮಾತಾಡುತ್ತಾರೆ, ಇಲ್ಲದ್ದು ಕಂಡಿತೆನ್ನುತ್ತಾರೆ, ಸುಮ್ಮಸುಮ್ಮನೆ ಹೆದರುತ್ತಾರೆ. ಇನ್ನು ಕೆಲವರದು ಬೇರೆಯೇ ಪಾಡು: ಅವರಿಗೆ ಆ ಗಳಿಗೆ ಹಿತವೆನಿಸುತ್ತದೆ. ಸುರಿದುಕೊಳ್ಳುವುದನ್ನು ನಿಲ್ಲಿಸಲಾಗದೆ, ಎಚ್ಚರ ತಪ್ಪುವವರೆಗೂ ಹಾಕಿಕೊಳ್ಳುತ್ತಲೇ ಇರುತ್ತಾರೆ. ಮಕ್ಕಳಲ್ಲಿ ಈ ರೋಗ ಹೆಚ್ಚು. ಹುಡುಗಿಯರಿಗೆ ಹೋಲಿಸಿದರೆ ಹುಡುಗರಲ್ಲಿ ಎರಡು ಪಟ್ಟಿಗೂ ಮೇಲು. ಬಾಗಿಲು ಮುಚ್ಚಿದ ಬಚ್ಚಲುಮನೆಯಲ್ಲಿ ನಡೆಯುವ ಸಂಗತಿಯಾದ್ದರಿಂದ ಎಷ್ಟೋ ಮನೆಗಳಲ್ಲಿ ಇದು ಕಾಯಿಲೆ ಎಂದೇ ತಿಳಿಯುವುದಿಲ್ಲ. ಎಣ್ಣೆ ಸ್ನಾನದ ದಿನವೇ ಬರುತ್ತದಲ್ಲ, ಗಾಳಿ ಸೋಕಿರಬೇಕು ಎಂದು ಯಂತ್ರ ಕಟ್ಟಿಸಿದವರಿದ್ದಾರೆ.

ಜಗತ್ತಿನ ವೈದ್ಯಸಾಹಿತ್ಯದಲ್ಲಿ ಇಂಥ ರೋಗಿಯ ಮೊದಲ ವರದಿ ಬಂದದ್ದು 1945ರಲ್ಲಿ, ಅದೂ ನ್ಯೂಜಿಲೆಂಡಿನಿಂದ. ಆಮೇಲೆ ಅಲ್ಲೊಂದು ಇಲ್ಲೊಂದು ಪ್ರಕರಣ ವರದಿಯಾಯಿತು. ಜಪಾನಿನಲ್ಲಿ ತೊಟ್ಟಿಯ ಬಿಸಿನೀರಿಗಿಳಿಸಿದ ಎಳೆಗೂಸುಗಳಲ್ಲಿ ಕಂಡಿತು. ಟರ್ಕಿಯಿಂದಲೂ ವರದಿಗಳು ಬಂದವು. ಪಶ್ಚಿಮದ ಡಾಕ್ಟರುಗಳಿಗೆ ಇದೊಂದು ಅಪರೂಪದ ವಿಚಿತ್ರ, ಅಷ್ಟೆ. ಅದು ಅಪರೂಪವಲ್ಲದ ಒಂದು ಸೀಮೆ ಇದೆ ಎಂಬುದನ್ನು ತೋರಿಸಿಕೊಟ್ಟವರು ಬೆಂಗಳೂರಿನ ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ಅವರ ಸಂಗಡಿಗರು. 1968ರಲ್ಲಿ ಅವರ ಮೊದಲ ವರದಿ ಪ್ರಕಟವಾಯಿತು. ಕೆಲವೇ ವರ್ಷಗಳಲ್ಲಿ ಅವರ ಪಟ್ಟಿ ನೂರು ದಾಟಿತು. 1988ರಲ್ಲಿ ಡಾ. ಪಿ. ಸತೀಶ್‌ಚಂದ್ರ ಮತ್ತು ಇತರರು 279 ರೋಗಿಗಳ ವಿವರವನ್ನು ‘ಎಪಿಲೆಪ್ಸಿಯಾ’ ಎಂಬ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಮುಂದಿಟ್ಟರು. ಸತೀಶ್‌ಚಂದ್ರ ಮುಂದೆ ನಿಮ್ಹಾನ್ಸ್‌ನ ನಿರ್ದೇಶಕರೂ ಆದರು. ಈ ರೋಗದ ಬೆನ್ನು ಮಾತ್ರ ಬಿಡಲಿಲ್ಲ.

ನಿಮ್ಹಾನ್ಸ್ ಬಗ್ಗೆ ಇಲ್ಲೊಂದು ಮಾತು ಹೇಳಬೇಕು. ಬೆಂಗಳೂರಿನವರ ಬಾಯಲ್ಲಿ ಆ ಹೆಸರು ಇಂದಿಗೂ ಒಂದು ಹಾಸ್ಯ, ಸಲ್ಲದ ಹಾಸ್ಯ. ‘ಇವನನ್ನು ನಿಮ್ಹಾನ್ಸ್‌ಗೆ ಸೇರಿಸಬೇಕು’ ಎನ್ನುವವರಿಗೆ ಅದರ ಅರ್ಧ ಪರಿಚಯವೂ ಇರುವುದಿಲ್ಲ. 1847ರಷ್ಟು ಹಿಂದಿನ ಒಂದು ಮಾನಸಿಕ ಚಿಕಿತ್ಸಾಲಯ ಅದರ ಬೇರು. 1937ರ ಹೊತ್ತಿಗೆ ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆ ಹೊಸೂರು ರಸ್ತೆಯ ಬದಿಗೆ ಬಂತು. 1954ರಲ್ಲಿ ಅದರ ಜೊತೆಗೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. 1974ರ ಕೊನೆಗೆ ಎರಡೂ ಕೂಡಿ ಇಂದಿನ ನಿಮ್ಹಾನ್ಸ್, ಅಂದರೆ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಆಯಿತು. ಹೆಸರಿನ ಕೊನೆಯಲ್ಲಿರುವ ನರವಿಜ್ಞಾನ ಅಲಂಕಾರಕ್ಕೆ ಇಟ್ಟದ್ದಲ್ಲ. ಪಾರ್ಶ್ವವಾಯು, ಮೂರ್ಛೆ, ಮಿದುಳು ಜ್ವರ, ಮಿದುಳಿನ ಗೆಡ್ಡೆ ಎಲ್ಲಕ್ಕೂ ಅಲ್ಲಿ ಚಿಕಿತ್ಸೆ ಉಂಟು, ಅದರ ಮಗ್ಗುಲಲ್ಲೇ ಪ್ರಯೋಗಾಲಯವೂ ಉಂಟು. ರೋಗಿಯ ಹಾಸಿಗೆಯಿಂದ ಸೂಕ್ಷ್ಮದರ್ಶಕದ ಮೇಜಿಗೆ ನಡೆದುಹೋಗಬಹುದಾದಷ್ಟು ದೂರ. ಬಿಸಿನೀರು ಮೂರ್ಛೆಯಂಥ ರೋಗವನ್ನು ಹಿಂಬಾಲಿಸಲು ಇಂಥದೇ ಜಾಗ ಬೇಕಿತ್ತು.

ಆಸ್ಪತ್ರೆಗೆ ಬಂದವರನ್ನಷ್ಟೇ ಎಣಿಸಿದರೆ ರೋಗದ ಹರವು ತಿಳಿಯುವುದಿಲ್ಲ. ಹಾಗಾಗಿ ನಿಮ್ಹಾನ್ಸ್‌ನವರು ಮನೆಮನೆಗೆ ಹೋದರು. ಡಾ. ಎಂ. ಗೌರಿದೇವಿ ಅವರ ಮುಂದಾಳತ್ವದಲ್ಲಿ ಬೆಂಗಳೂರು ನಗರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಒಂದು ಲಕ್ಷಕ್ಕೂ ಮೇಲ್ಪಟ್ಟ ಜನರ ನಡುವೆ ನರರೋಗಗಳ ಸಮೀಕ್ಷೆ ನಡೆಯಿತು. ಮೂರ್ಛೆರೋಗ ನಗರದಲ್ಲಿ ಸಾವಿರಕ್ಕೆ 5.7 ಮಂದಿಗಿದ್ದರೆ ಹಳ್ಳಿಯಲ್ಲಿ 11.9 ಮಂದಿಗೆ, ಅಂದರೆ ಎರಡು ಪಟ್ಟು. ಅತ್ತ ಡಾ. ಮಣಿ ಮತ್ತು ತಂಡ ಯಳಂದೂರು ತಾಲ್ಲೂಕನ್ನು ಆರಿಸಿಕೊಂಡಿತು. ಬಿಸಿನೀರು ಮೂರ್ಛೆ ಬೆಂಗಳೂರಿನ ಲೆಕ್ಕದಲ್ಲಿ ಲಕ್ಷಕ್ಕೆ ಸುಮಾರು 60 ಮಂದಿಯಲ್ಲಿ ಕಂಡರೆ ಯಳಂದೂರಿನಲ್ಲಿ ಲಕ್ಷಕ್ಕೆ 255. ಬಿಳಿಗಿರಿರಂಗನ ಬೆಟ್ಟದ ಬುಡದ ಒಂದು ಪುಟ್ಟ ತಾಲ್ಲೂಕು ಈಗ ಜಗತ್ತಿನ ಮೂರ್ಛೆತಜ್ಞರಿಗೆ ಪರಿಚಿತ ಹೆಸರು. ಫಿನೋಬಾರ್ಬಿಟಾಲ್, ಫೆನಿಟಾಯಿನ್‌ನಂಥ ಅಗ್ಗದ ಹಳೆಯ ಮಾತ್ರೆಗಳಿಂದಲೇ ಹಳ್ಳಿಯಲ್ಲಿ ಮೂರ್ಛೆರೋಗವನ್ನು ಹತೋಟಿಗೆ ತರಬಹುದೆಂದು ಅದೇ ಯಳಂದೂರಿನ ಅಧ್ಯಯನ 2001ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತೋರಿಸಿತು. ನನ್ನ ಮಟ್ಟಿಗೆ ಈ ಇಡೀ ಕಥೆಯಲ್ಲಿ ಅತ್ಯಂತ ದೊಡ್ಡ ಕೆಲಸ ಇದೇ, ಆದರೆ ಅದನ್ನು ಬೇರೆಯಾಗಿಯೇ ಬರೆಯಬೇಕು.

ಇನ್ನು ಮುಖ್ಯ ಪ್ರಶ್ನೆ. ಬಿಸಿನೀರಿಗೆ ಮಿದುಳು ಹೀಗೇಕೆ ಆಡುತ್ತದೆ?

ನಮ್ಮ ತಲೆಸ್ನಾನದ ಕ್ರಮವನ್ನೇ ನೋಡಿ. ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ, ಹಬ್ಬಕ್ಕಂತೂ ತಪ್ಪದೆ, ನೆತ್ತಿಗೆ ಎಣ್ಣೆ ತಿಕ್ಕಿಸಿಕೊಂಡು, ಒಲೆ ಉರಿಯುವ ಬಚ್ಚಲಲ್ಲಿ, ಆವಿ ತುಂಬಿದ ಹೊತ್ತಿನಲ್ಲಿ, 40ರಿಂದ 50 ಡಿಗ್ರಿ ಸೆಲ್ಸಿಯಸ್‌ನಷ್ಟು ಕಾದ ನೀರನ್ನು ಬಿಡುವಿಲ್ಲದೆ ತಲೆಯ ಮೇಲೆ ಸುರಿಯುತ್ತೇವೆ. ಬಿಸಿ ಹೋಗಲೆಂದು ಅಜ್ಜಿಯರು ಮಕ್ಕಳಿಗೆ ಎರೆಯುವ ಪರಿಯನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಮೈಗಷ್ಟೇ ಬಿಸಿನೀರು ಹಾಕಿಕೊಂಡರೆ ಈ ರೋಗಿಗಳಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ತಣ್ಣೀರು ತಲೆಗೆ ಬಿದ್ದರೂ ಇಲ್ಲ. ಹಾಗಾದರೆ ನೀರೊಂದೇ ಕಾರಣವಲ್ಲ, ಬಿಸಿಯೊಂದೇ ಕಾರಣವಲ್ಲ. ನೆತ್ತಿಯ ಚರ್ಮಕ್ಕೆ ಬಿಸಿ ತಾಗುವುದು, ಮತ್ತೆ ಮತ್ತೆ ತಾಗುವುದು, ತಲೆಯೊಳಗಿನ ಶಾಖ ಥಟ್ಟನೆ ಏರುವುದು, ಎಲ್ಲ ಸೇರಬೇಕು.

ನಿಮ್ಹಾನ್ಸ್‌ನವರು ಈ ಶಾಖವನ್ನು ಅಳೆಯಲು ಹೊರಟರು. ಮಿದುಳಿನೊಳಗೆ ಥರ್ಮಾಮೀಟರ್ ಇಡಲಾಗದು. ಮಿದುಳಿಗೆ ತೀರ ಹತ್ತಿರವಿರುವ ಕಿವಿತಮಟೆಯ ಶಾಖವನ್ನು ಅಳೆದರು. ಬಿಸಿನೀರಿನ ತಲೆಸ್ನಾನದಲ್ಲಿ ರೋಗಿಗಳ ಶಾಖ ಕೆಲವೇ ನಿಮಿಷದಲ್ಲಿ ಎರಡು ಮೂರು ಡಿಗ್ರಿ ಏರಿತು, ಇಳಿಯಲು ಬಹಳ ಹೊತ್ತು ಹಿಡಿಯಿತು. ಇತರರಲ್ಲಿ ಅಷ್ಟು ಏರಲಿಲ್ಲ. ಅಂದರೆ ಇವರ ಮಿದುಳಿಗೆ ಶಾಖವನ್ನು ಹದದಲ್ಲಿಡುವ ಶಕ್ತಿಯಲ್ಲೇ ಏನೋ ಕೊರತೆ ಇರಬೇಕು. ಇಂಥವರಲ್ಲಿ ಕೆಲವರಿಗೆ ಚಿಕ್ಕಂದಿನಲ್ಲಿ ಜ್ವರ ಬಂದಾಗ ಸೆಳವು ಬಂದಿತ್ತೆಂಬುದೂ ಇದಕ್ಕೆ ಹೊಂದುತ್ತದೆ.

ಮುಂದಿನ ಹೆಜ್ಜೆಗೆ ಮಿದುಳನ್ನೇ ನೋಡಬೇಕು. ನಿಮ್ಹಾನ್ಸ್‌ನಲ್ಲಿ 1995ರಿಂದ ಮಾನವ ಮಿದುಳು ಬ್ಯಾಂಕ್ ಇದೆ, ಡಾ. ಎಸ್.ಕೆ. ಶಂಕರ್ ಕಟ್ಟಿದ್ದು. ಕುಟುಂಬದವರ ಒಪ್ಪಿಗೆಯಿಂದ ಪಡೆದ ಮಿದುಳುಗಳನ್ನು ಅಲ್ಲಿ ಸಂಶೋಧನೆಗೆಂದು ಕಾಪಾಡುತ್ತಾರೆ. ಆದರೆ ಬಿಸಿನೀರು ಮೂರ್ಛೆ ಸಾಮಾನ್ಯವಾಗಿ ಪ್ರಾಣ ತೆಗೆಯುವ ಕಾಯಿಲೆಯಲ್ಲ, ಅದರಿಂದಾಗಿ ಬ್ಯಾಂಕಿನ ಕಪಾಟು ಇಲ್ಲಿ ನೆರವಿಗೆ ಬಾರದು. ಇಲಿಗಳನ್ನು ಆಶ್ರಯಿಸಬೇಕಾಯಿತು. ಇಲಿಯ ತಲೆಗೆ ಬಿಸಿನೀರು ಸುರಿಸಿದರು. ದೇಹದ ಶಾಖ ಒಂದು ಮಟ್ಟ ಮುಟ್ಟಿದಾಗ ಇಲಿಗೂ ಸೆಳವು ಬಂತು. ಅದನ್ನೇ ದಿನ ಬಿಟ್ಟು ದಿನ ಮಾಡುತ್ತ ಹೋದಾಗ ಇನ್ನೊಂದು ಸಂಗತಿ ಹೊರಬಿತ್ತು. ಸಲದಿಂದ ಸಲಕ್ಕೆ ಕಡಿಮೆ ಶಾಖಕ್ಕೇ ಸೆಳವು ಬರತೊಡಗಿತು, ಬಂದದ್ದು ಹೆಚ್ಚು ಹೊತ್ತು ಉಳಿಯತೊಡಗಿತು. ಪ್ರಯೋಗಾಲಯದವರು ಇದನ್ನು ಕಿಂಡ್ಲಿಂಗ್ ಎನ್ನುತ್ತಾರೆ. ಇಲಿಯ ಮಿದುಳನ್ನು ಸೀಳಿ ಬಣ್ಣ ಹಾಕಿ ನೋಡಿದಾಗ ನೆನಪಿಗೆ ಸಂಬಂಧಿಸಿದ ಹಿಪ್ಪೊಕ್ಯಾಂಪಸ್ ಭಾಗದಲ್ಲಿ ನರತಂತುಗಳು ಹೊಸದಾಗಿ ಕವಲೊಡೆದಿದ್ದವು. ಬಂದುಹೋದ ಸೆಳವು ಮುಂದಿನದಕ್ಕೆ ಜಾಗ ಮಾಡಿಟ್ಟು ಹೋಗುತ್ತದೆ ಎಂದಾಯಿತು. ರೋಗಿಗಳಲ್ಲಿ ಸುಮಾರು ಕಾಲು ಭಾಗ ಮಂದಿಗೆ ಕೆಲವು ವರ್ಷಗಳ ಬಳಿಕ ಸ್ನಾನದ ಹಂಗಿಲ್ಲದೆಯೂ ಫಿಟ್ಸ್ ಬರತೊಡಗುವುದನ್ನು ವೈದ್ಯರು ಮೊದಲೇ ಕಂಡಿದ್ದರು. ಅದಕ್ಕೆ ಇಲಿಯ ಮಿದುಳಿನಲ್ಲಿ ಒಂದು ಸುಳಿವು ಸಿಕ್ಕಂತಾಯಿತು.

ಆದರೂ ಒಂದು ತೊಡಕು ಉಳಿಯಿತು. ತಲೆಗೆ ಬಿಸಿನೀರು ಸುರಿದುಕೊಳ್ಳುವವರು ಕೋಟಿ ಕೋಟಿ ಜನ. ತಮಿಳುನಾಡು, ಆಂಧ್ರದಲ್ಲೂ ಎಣ್ಣೆ ಸ್ನಾನ ಇದೆ. ಹೆಚ್ಚಿನ ವರದಿಗಳು ಮಾತ್ರ ದಕ್ಷಿಣ ಕರ್ನಾಟಕದವು. ಒಂದೇ ಮನೆಯಲ್ಲಿ ಅಪ್ಪನಿಗೂ ಮಗನಿಗೂ, ಅಣ್ಣನಿಗೂ ತಮ್ಮನಿಗೂ ಇರುವುದುಂಟು. ವಂಶದಲ್ಲೇ ಏನೋ ಇಳಿದು ಬರುತ್ತಿರಬೇಕು.

ಈ ಎಳೆ ಹಿಡಿದದ್ದು ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಅನುರಂಜನ್ ಆನಂದ್ ಅವರ ತಳಿವಿಜ್ಞಾನ ಪ್ರಯೋಗಾಲಯ, ನಿಮ್ಹಾನ್ಸ್ ವೈದ್ಯರ ಜೊತೆಗೂಡಿ. ಹಲವು ಮಂದಿಗೆ ರೋಗವಿದ್ದ ದೊಡ್ಡ ಕುಟುಂಬಗಳನ್ನು ಹುಡುಕಿ, ವಂಶವೃಕ್ಷ ಬರೆದು, ರಕ್ತದ ಮಾದರಿ ಪಡೆದು, ರೋಗ ಇರುವವರಲ್ಲೆಲ್ಲ ಇರುವ, ಇಲ್ಲದವರಲ್ಲಿ ಇಲ್ಲದ ಡಿಎನ್‌ಎ ತುಣುಕು ಯಾವುದೆಂದು ಜರಡಿ ಹಿಡಿಯುವ ಕೆಲಸ ಅದು. ವರ್ಷಗಟ್ಟಲೆ ಬೇಕು. ಒಂದು ಕುಟುಂಬದಲ್ಲಿ ಸುಳಿವು 10ನೇ ವರ್ಣತಂತುವಿನತ್ತ ಬೆರಳು ಮಾಡಿತು, ಇನ್ನೊಂದರಲ್ಲಿ 4ನೆಯದರತ್ತ, ಮತ್ತೊಂದರಲ್ಲಿ 9ನೆಯದರತ್ತ. 2017ರಲ್ಲಿ ಆ 9ನೇ ವರ್ಣತಂತುವಿನ ಜಾಡಿನಲ್ಲಿ ಒಂದು ಜೀನ್‌ನ ಹೆಸರು ಹೇಳುವಂತಾಯಿತು: ಎಸ್‌ಎಲ್‌ಸಿ1ಎ1.

ಈ ಜೀನ್ ಏನು ಮಾಡುತ್ತದೆ ಎಂಬಲ್ಲಿ ಕಥೆ ಬಚ್ಚಲಿನಿಂದ ಹೊರಬಿದ್ದು ದೊಡ್ಡದಾಗುತ್ತದೆ. ಮಿದುಳಿನಲ್ಲಿ ಒಂದು ನರಕೋಶ ಇನ್ನೊಂದನ್ನು ಕೆರಳಿಸಲು ಬಳಸುವ ಮುಖ್ಯ ರಾಸಾಯನಿಕ ಗ್ಲುಟಮೇಟ್. ಸಂದೇಶ ಮುಟ್ಟಿದೊಡನೆ ಅದನ್ನು ಅಲ್ಲಿಂದ ತೆಗೆಯಬೇಕು, ಇಲ್ಲವಾದರೆ ಕೆರಳಿದ ಕೋಶ ಕೆರಳಿಯೇ ಇರುತ್ತದೆ. ಬಚ್ಚಲಿಗೆ ತೂಬು ಇದ್ದಂತೆ, ಗ್ಲುಟಮೇಟನ್ನು ಸೆಳೆದುಕೊಳ್ಳುವ ಪ್ರೋಟೀನುಗಳು ಕೋಶದ ಹೊದಿಕೆಯಲ್ಲಿರುತ್ತವೆ. ಎಸ್‌ಎಲ್‌ಸಿ1ಎ1 ತಯಾರಿಸುವುದು ಅಂಥದೊಂದು ಪ್ರೋಟೀನನ್ನು. ಅದರ ಕೆಲಸ ಕುಂದಿದರೆ ಸೆಳವಿಗೆ ಅನುಕೂಲವಾಗುತ್ತದೆ ಎಂಬುದು ಸುಲಭವಾಗಿ ಒಪ್ಪುವ ತರ್ಕ.

ಪಾರ್ಶ್ವವಾಯುವಿನಲ್ಲೂ ಇದೇ ಗ್ಲುಟಮೇಟ್ ಇದೆ. ಮಿದುಳಿನ ರಕ್ತನಾಳ ಕಟ್ಟಿಕೊಂಡು ಆಮ್ಲಜನಕ, ಸಕ್ಕರೆ ನಿಂತಾಗ ಕೋಶಗಳಿಗೆ ಶಕ್ತಿ ಸಾಲದು; ಒಳಗಿದ್ದ ಗ್ಲುಟಮೇಟ್ ಹೊರಗೆ ಸುರಿಯುತ್ತದೆ, ಸೆಳೆದುಕೊಳ್ಳಬೇಕಾದ ಪ್ರೋಟೀನು ಕೈಚೆಲ್ಲುತ್ತದೆ, ಕೋಶದೊಳಕ್ಕೆ ಕ್ಯಾಲ್ಸಿಯಂ ನುಗ್ಗಿ ಕೋಶ ಸಾಯುತ್ತದೆ. ಅತಿಯಾದ ಪ್ರಚೋದನೆಯೇ ನರಕೋಶಕ್ಕೆ ವಿಷವಾಗುತ್ತದೆ ಎಂಬ ಈ ವಿಚಾರವನ್ನು 1969ರಲ್ಲಿ ಮುಂದಿಟ್ಟವರು ಅಮೆರಿಕದ ಜಾನ್ ಓಲ್ನಿ. ಗ್ಲುಟಮೇಟನ್ನು ತಡೆದರೆ ಪಾರ್ಶ್ವವಾಯು ಗೆದ್ದಂತೆ ಎಂದು ನಂಬಿ ಹತ್ತಾರು ಔಷಧಗಳನ್ನು ತಯಾರಿಸಿದರು. ಇಲಿಗಳಲ್ಲಿ ಗೆದ್ದವು, ಮನುಷ್ಯರಲ್ಲಿ ಒಂದರ ಹಿಂದೊಂದು ಸೋತವು. ರೋಗದ ಯಂತ್ರ ತಿಳಿದ ಮಾತ್ರಕ್ಕೆ ಮದ್ದು ಕೈಗೆ ಬರುವುದಿಲ್ಲ ಎಂಬುದಕ್ಕೆ ನರವಿಜ್ಞಾನದಲ್ಲಿ ಇದಕ್ಕಿಂತ ಕಹಿ ಉದಾಹರಣೆ ಇಲ್ಲ.

ಬಿಸಿನೀರು ಮೂರ್ಛೆಯಲ್ಲಿ ಆದದ್ದು ಇದರ ತಿರುವುಮುರುವು. ಯಂತ್ರ ಪೂರ್ತಿ ತಿಳಿಯುವ ಮೊದಲೇ ಪರಿಹಾರ ಸಿಕ್ಕಿತ್ತು. ನೀರಿನ ಬಿಸಿ ಇಳಿಸಿದರೆ ಬಹಳ ಮಂದಿಗೆ ಫಿಟ್ಸ್ ನಿಲ್ಲುತ್ತದೆ. ಅಷ್ಟಕ್ಕೇ ನಿಲ್ಲದವರಿಗೆ ತಲೆಸ್ನಾನಕ್ಕೆ ಒಂದೂವರೆ ಎರಡು ಗಂಟೆ ಮೊದಲು ಕ್ಲೋಬಜಾಮ್ ಮಾತ್ರೆ, ಅಂದರೆ ಸ್ನಾನದ ದಿನ ಮಾತ್ರ. ದಿನವೂ ಮಾತ್ರೆ ನುಂಗುವ ಪ್ರಮೇಯ ಹೆಚ್ಚಿನವರಿಗೆ ಬರುವುದಿಲ್ಲ. ಸ್ನಾನವಿಲ್ಲದೆಯೂ ಫಿಟ್ಸ್ ಬರುವವರದು ಬೇರೆ ಲೆಕ್ಕ. ಎಸ್‌ಎಲ್‌ಸಿ1ಎ1 ಪತ್ತೆಯಾದುದರಿಂದ ಈ ಚಿಕಿತ್ಸೆ ಒಂದಿಷ್ಟೂ ಬದಲಾಗಿಲ್ಲ. ಎಲ್ಲ ಕುಟುಂಬಗಳಿಗೂ ಆ ಜೀನ್ ಕಾರಣವೂ ಅಲ್ಲ. ಹಾಗೆಂದು ಜಕ್ಕೂರಿನ ಕೆಲಸವನ್ನು ವ್ಯರ್ಥವೆನ್ನಲು ನಾನು ತಯಾರಿಲ್ಲ. ಒಂದು ನಿರ್ದಿಷ್ಟ ಪ್ರಚೋದನೆಗೆ, ಹೇಳಿದ ಹೊತ್ತಿಗೆ ಬರುವ ಮೂರ್ಛೆ ಸಂಶೋಧಕರಿಗೆ ಸಿಗುವುದು ಅಪರೂಪ. ಬೇರೆ ಬಹುಪಾಲು ಮೂರ್ಛೆಗಳು ಯಾವಾಗ ಬರುತ್ತವೆಂದು ಯಾರೂ ಹೇಳಲಾರರು.

ಕೊನೆಗೆ ಓದುಗರಲ್ಲಿ ಒಂದು ವಿನಂತಿ. ಮನೆಯಲ್ಲಿ ಯಾರಾದರೂ ತಲೆಸ್ನಾನದ ಹೊತ್ತಿಗೆ ದಿಟ್ಟಿ ನೆಟ್ಟು ಕೂತರೆ, ತಡಬಡಿಸಿ ಮಾತಾಡಿದರೆ, ಬಿದ್ದರೆ, ನೀರು ಸುರಿಯುವುದನ್ನು ಕೂಡಲೇ ನಿಲ್ಲಿಸಿ. ಒಲೆ, ಹಂಡೆಯಿಂದ ದೂರ ಸರಿಸಿ ಒಂದು ಮಗ್ಗುಲಿಗೆ ಮಲಗಿಸಿ. ಕೈಗೆ ಬೀಗದ ಕೈ ತುರುಕುವುದು, ಬಾಯಿಗೆ ಚಮಚ ಇಡುವುದು ಬೇಡ. ಐದು ನಿಮಿಷ ಕಳೆದರೂ ಸೆಳವು ನಿಲ್ಲದಿದ್ದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ನಿಂತರೂ ಒಮ್ಮೆ ನರರೋಗ ವೈದ್ಯರಿಗೆ ತೋರಿಸಿ, ಅವರು ಕೇಳದಿದ್ದರೂ ಸ್ನಾನದ ವಿಷಯವನ್ನು ನೀವಾಗಿಯೇ ಹೇಳಿ. ಬಚ್ಚಲ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕದಂತೆ ಅಂಥವರಿಗೆ ತಿಳಿಸಿಡಿ.