ಗಾಜಿನ ತಟ್ಟೆಯಲ್ಲಿ ಬೆಳೆಯುವ ಕರುಳು

ಮಕ್ಕಳೇ, ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯವನ್ನು ಸುತ್ತು ಹಾಕುವಾಗ ಅದರ ಹೊರಗೋಡೆಯನ್ನು ಗಮನಿಸಿದ್ದೀರಾ? ಅದು ನೇರವಾಗಿಲ್ಲ. ಒಳಕ್ಕೆ ಹೋಗುತ್ತದೆ, ಹೊರಕ್ಕೆ ಬರುತ್ತದೆ, ಮತ್ತೆ ಒಳಕ್ಕೆ ಹೋಗುತ್ತದೆ. ಹೀಗೆ ಮೂಲೆ ಮೂಲೆಯಾಗಿ ಕಟ್ಟಿದ್ದರಿಂದ ಅಷ್ಟೇ ಜಾಗದಲ್ಲಿ ಹೆಚ್ಚು ಶಿಲ್ಪಗಳಿಗೆ ಗೋಡೆ ಸಿಕ್ಕಿದೆ. ನಮ್ಮ ಸಣ್ಣಕರುಳಿನ ಒಳಗೋಡೆಯೂ ಹೀಗೆಯೇ. ಅದರಲ್ಲಿ ಮಡಿಕೆಗಳು, ಮಡಿಕೆಗಳ ಮೇಲೆ ಬೆರಳಿನಂಥ ವಿಲ್ಲೈಗಳು, ವಿಲ್ಲೈಗಳ ಜೀವಕೋಶಗಳ ಮೇಲೆ ಕುಂಚದ ಕೂದಲಿನಂಥ ಎಳೆಗಳು. ಎಲ್ಲವನ್ನೂ ಬಿಡಿಸಿ ಹಾಸಿದರೆ ವಯಸ್ಕರಲ್ಲಿ ಸುಮಾರು 30 ಚದರ ಮೀಟರ್ ಆಗುತ್ತದೆ. ಒಂದು ಸಣ್ಣ ತರಗತಿ ಕೋಣೆಯ ನೆಲದಷ್ಟು!

ಈ ಗೋಡೆಯನ್ನು ದಾಟಿದರಷ್ಟೇ ಆಹಾರದ ಸತ್ವ ರಕ್ತಕ್ಕೆ ಸೇರುತ್ತದೆ. ನೀವು ರಾಗಿಮುದ್ದೆ, ಹುರುಳಿಕಾಳಿನ ಸಾರು ಉಂಡಿರಿ ಎನ್ನೋಣ. ರಾಗಿಯಲ್ಲಿ ಕಬ್ಬಿಣವಿದೆ. ಆದರೆ ಅದೇ ರಾಗಿಯ ಸಿಪ್ಪೆಯಲ್ಲಿರುವ ಫೈಟೇಟ್, ಟ್ಯಾನಿನ್‌ಗಳು ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತವೆ. ಹಾಗಾಗಿ ತಿಂದುದರಲ್ಲಿ ಸ್ವಲ್ಪ ಭಾಗ ಮಾತ್ರ ರಕ್ತಕ್ಕೆ ಹೋಗುತ್ತದೆ. ಕಬ್ಬಿಣ ಸಾಲದಿದ್ದರೆ ರಕ್ತಹೀನತೆ ಬರುತ್ತದೆ, ಆಟ ಪಾಠ ಎರಡರಲ್ಲೂ ಬೇಗ ಸುಸ್ತಾಗುತ್ತದೆ. ಶಾಲೆಯಲ್ಲಿ ವಾರಕ್ಕೊಮ್ಮೆ ನೀಲಿ ಮಾತ್ರೆ ಕೊಡುವುದು ಇದಕ್ಕೇ. (ಅದನ್ನು ಕಿಟಕಿಯಾಚೆ ಎಸೆಯುವವರು ಯಾರೆಂದು ನಿಮ್ಮ ಮೇಷ್ಟ್ರಿಗೆ ಗೊತ್ತು.)

ಯಾವ ಊಟದಿಂದ ಎಷ್ಟು ಕಬ್ಬಿಣ ಒಳಗೆ ಹೋಗುತ್ತದೆ? ಹೊಟ್ಟೆ ತೆರೆದು ನೋಡಲಾಗದು. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಧಾನ್ಯ, ಕಾಳುಗಳನ್ನು ಪ್ರಯೋಗಾಲಯದಲ್ಲೇ ಜೀರ್ಣಿಸಿ, ತೆಳು ಪೊರೆಯೊಂದರ ಮೂಲಕ ಎಷ್ಟು ಕಬ್ಬಿಣ ಹಾಯುತ್ತದೆಂದು ಅಳೆದರು. ಈರುಳ್ಳಿ, ಬೆಳ್ಳುಳ್ಳಿ ಸೇರಿಸಿದಾಗ ಹೆಚ್ಚು ಹಾಯ್ದಿತು. ಇದನ್ನು ಅವರು 2010ರಲ್ಲಿ ಪ್ರಕಟಿಸಿದರು. ಆದರೆ ಪೊರೆಗೆ ಜೀವವಿಲ್ಲ. ಕರುಳಿನ ಕೋಶವಾದರೋ ಬೇಕಾದುದನ್ನು ತಾನೇ ಹೀರಿಕೊಳ್ಳುತ್ತದೆ.

ಅದಕ್ಕಾಗಿ ಜೀವಂತ ಕೋಶಗಳೇ ಬೇಕು. ಪ್ರಪಂಚದ ಅನೇಕ ಪ್ರಯೋಗಾಲಯಗಳಲ್ಲಿ ಬಳಸುವ ಕಾಕೋ-2 ಎಂಬ ಕೋಶಗಳನ್ನು 1970ರ ದಶಕದಲ್ಲಿ ಅಮೆರಿಕದಲ್ಲಿ ಒಬ್ಬ ರೋಗಿಯ ದೊಡ್ಡಕರುಳಿನ ಕ್ಯಾನ್ಸರ್ ಗಡ್ಡೆಯಿಂದ ಬೇರ್ಪಡಿಸಲಾಯಿತು. ಕ್ಯಾನ್ಸರ್ ಕೋಶಗಳು ನಿಲ್ಲದೆ ವಿಭಜನೆಯಾಗುತ್ತವಲ್ಲ, ಆ ಕೆಟ್ಟ ಗುಣವೇ ಇಲ್ಲಿ ಉಪಯೋಗಕ್ಕೆ ಬಂತು! ಸಕ್ಕರೆ, ಅಮೈನೋ ಆಮ್ಲ, ಲವಣಗಳಿರುವ ದ್ರಾವಣದಲ್ಲಿ, ನಮ್ಮ ಮೈಯಷ್ಟೇ ಬಿಸಿಯಲ್ಲಿ, ಅಂದರೆ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇವನ್ನು ಬೆಳೆಸುತ್ತಾರೆ. ಒಂದೇ ಒಂದು ಬ್ಯಾಕ್ಟೀರಿಯಾ ನುಸುಳಿದರೂ ಎಲ್ಲ ಹಾಳು. ಸುಮಾರು ಮೂರು ವಾರಗಳಲ್ಲಿ ಕೋಶಗಳು ಒತ್ತೊತ್ತಾಗಿ ಪದರವಾಗಿ, ಸಣ್ಣಕರುಳಿನ ಕೋಶಗಳಂತೆಯೇ ಕುಂಚದ ಎಳೆಗಳನ್ನು ಪಡೆಯುತ್ತವೆ.

ಈಗ ಜೀರ್ಣವಾದ ಆಹಾರವನ್ನು ಅವುಗಳ ಮೇಲೆ ಇಡುತ್ತಾರೆ. ಕಬ್ಬಿಣ ಒಳಗೆ ಹೋದರೆ ಅದನ್ನು ಕೂಡಿಡಲು ಕೋಶ ಫೆರಿಟಿನ್ ಎಂಬ ಪ್ರೋಟೀನು ತಯಾರಿಸುತ್ತದೆ. ಫೆರಿಟಿನ್ ಅಳೆದರೆ ಲೆಕ್ಕ ಸಿಕ್ಕಿತು. ಸಿ ವಿಟಮಿನ್ ಸೇರಿಸಿದಾಗ ಅದು ಹೆಚ್ಚುತ್ತದೆ, ಟೀ ಸೇರಿಸಿದಾಗ ಕುಗ್ಗುತ್ತದೆ. ಮುದ್ದೆಯ ಜೊತೆ ನಿಂಬೆಹಣ್ಣು ಹಿಂಡಿಕೊಳ್ಳುವುದು ರುಚಿಗಷ್ಟೇ ಅಲ್ಲ ನೋಡಿ.

ಕಾಕೋ-2 ಪೂರ್ಣ ಕರುಳಲ್ಲ. ಅದರಲ್ಲಿ ಲೋಳೆ ಸುರಿಸುವ ಕೋಶಗಳಿಲ್ಲ. ನಿಜವಾದ ಕರುಳಿನ ಒಳಪದರವಾದರೆ ನಾಲ್ಕೈದು ದಿನಕ್ಕೊಮ್ಮೆ ಹೊಸದಾಗುತ್ತದೆ, ಅದರ ತಳದಲ್ಲಿರುವ ಆಕರಕೋಶಗಳ ದೆಸೆಯಿಂದ. 2009ರಲ್ಲಿ ನೆದರ್ಲೆಂಡ್ಸ್‌ನಲ್ಲಿ ತೋಶಿರೋ ಸಾಟೋ, ಹ್ಯಾನ್ಸ್ ಕ್ಲೆವರ್ಸ್ ಮತ್ತು ಸಂಗಡಿಗರು ಇಲಿಯ ಒಂದೇ ಆಕರಕೋಶದಿಂದ ಪುಟಾಣಿ ಕರುಳನ್ನು ಬೆಳೆಸಿದರು. 2011ರಲ್ಲಿ ಮನುಷ್ಯರದ್ದನ್ನೂ ಬೆಳೆಸಿದರು. ಆರ್ಗನಾಯ್ಡ್ ಎಂಬ ಹೆಸರಿನ ಈ ಪುಟಾಣಿಯಲ್ಲಿ ಲೋಳೆ ಕೋಶಗಳೂ ಇವೆ.