ಮಗುವಿನ ರಕ್ತಭೇದಿ ನಿಲ್ಲದಿದ್ದರೆ

ಹುಲಿಯೂರುದುರ್ಗದ ಕಡೆ ಮಗುವಿಗೆ ಭೇದಿಯಾದರೆ ‘ಉಷ್ಣ’, ‘ಜಂತುಹುಳು’ ಎನ್ನುವುದು ವಾಡಿಕೆ. ಹೆಚ್ಚಿನ ಭೇದಿ ಸೋಂಕಿನದು. ಓಆರ್‌ಎಸ್ ಕುಡಿಸುತ್ತಿದ್ದರೆ ಕೆಲವು ದಿನಗಳಲ್ಲಿ ನಿಲ್ಲುತ್ತದೆ. ಮಲದಲ್ಲಿ ರಕ್ತ ಕಂಡರೆ ಮಾತ್ರ ಅಂದೇ ವೈದ್ಯರಿಗೆ ತೋರಿಸಿ. ನಾಲ್ಕು ವಾರವಾದರೂ ರಕ್ತ, ಲೋಳೆ ನಿಲ್ಲದಿದ್ದರೆ ಐಬಿಡಿ, ಅಂದರೆ ಕರುಳಿನ ದೀರ್ಘಕಾಲದ ಉರಿಯೂತವನ್ನು ಶಂಕಿಸಬೇಕು. ದೇಹದ ರಕ್ಷಣಾ ವ್ಯವಸ್ಥೆ ತನ್ನ ಕರುಳಿನ ಮೇಲೆಯೇ ತಿರುಗಿಬೀಳುವ ಕಾಯಿಲೆಯಿದು. ಅಂಟುರೋಗವಲ್ಲ, ತಾಯಿಯ ಅಡುಗೆಯ ತಪ್ಪೂ ಅಲ್ಲ.

ಇದರಲ್ಲಿ ಎರಡು ಮುಖ್ಯ ಬಗೆ. ಅಲ್ಸರೇಟಿವ್ ಕೊಲೈಟಿಸ್ ದೊಡ್ಡಕರುಳಿನ ಒಳಪದರದಲ್ಲಿ ಹುಣ್ಣು ಮಾಡುತ್ತದೆ. 1932ರಲ್ಲಿ ಅಮೆರಿಕದ ವೈದ್ಯ ಕ್ರೋನ್ ಮತ್ತು ಸಂಗಡಿಗರು ವಿವರಿಸಿದ ಕ್ರೋನ್ಸ್ ಕಾಯಿಲೆ ಬಾಯಿಯಿಂದ ಗುದದವರೆಗೆ ಎಲ್ಲಿಯೂ ಬರಬಹುದು. ಇದರಲ್ಲಿ ಭೇದಿಗಿಂತ ಮೊದಲೇ ಮಗುವಿನ ಬೆಳವಣಿಗೆ ಕುಂಠಿತವಾಗುವುದುಂಟು. ಕಳೆದ ಈದ್‌ಗೆ ಹೊಲಿಸಿದ ಬಟ್ಟೆ ಈ ಈದ್‌ಗೂ ಅಳತೆಗೆ ಸರಿಯಾಗಿಯೇ ಇದ್ದರೆ ಎತ್ತರ, ತೂಕ ನೋಡಿಸಿ.

ನಮ್ಮ ದೇಶದಲ್ಲಿ ಇನ್ನೊಂದು ತೊಡಕು: ಕರುಳಿನ ಕ್ಷಯವೂ ಹೀಗೆಯೇ ಕಾಣುತ್ತದೆ. ಅಂಥ ಮಗುವಿಗೆ ತಿಳಿಯದೆ ಸ್ಟೀರಾಯ್ಡ್ ಕೊಟ್ಟರೆ ಕ್ಷಯ ಉಲ್ಬಣಿಸಬಹುದು. ಮಲದ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ ಉರಿಯೂತವಿದೆ ಎಂದಷ್ಟೇ ಹೇಳುತ್ತದೆ. ರೋಗ ಯಾವುದೆಂದು ತಿಳಿಯಲು ಕೊಲನೋಸ್ಕೋಪಿ, ಬಯಾಪ್ಸಿ ಬೇಕು.

ಸಂಶೋಧನೆಯ ಒಂದು ಫಲ ನನಗೆ ಬಹಳ ಹಿಡಿಸಿದೆ. ಕ್ರೋನ್ಸ್ ಇರುವ ಅನೇಕ ಮಕ್ಕಳಿಗೆ 6ರಿಂದ 8 ವಾರ ಬೇರೇನೂ ತಿನ್ನಿಸದೆ ವಿಶೇಷ ದ್ರವಾಹಾರವನ್ನೇ ಕೊಟ್ಟರೆ ಉರಿಯೂತ ತಗ್ಗುತ್ತದೆ, ಬೆಳವಣಿಗೆಗೂ ಪೆಟ್ಟಿಲ್ಲ. ಇದು ತಜ್ಞರ ನಿಗಾದಲ್ಲೇ ಆಗಬೇಕು.

ಯುನಾನಿಯಲ್ಲಿ ರಕ್ತಭೇದಿಗೆ ‘ಜಹೀರ್’ ಎನ್ನುತ್ತೇವೆ, ಔಷಧಿಯೂ ಇದೆ. ಆದರೂ ಯುನಾನಿ ವೈದ್ಯನಾಗಿಯೇ ಹೇಳುತ್ತೇನೆ: ದಾಳಿಂಬೆ ಸಿಪ್ಪೆಯ ಕಷಾಯದಿಂದ ಭೇದಿ ಕಟ್ಟಿತೆಂದರೆ ಒಳಗಿನ ಹುಣ್ಣು ಮಾಯಿತೆಂದಲ್ಲ. ಕುಣಿಗಲ್ ಅಥವಾ ತುಮಕೂರಿನ ಮಕ್ಕಳ ವೈದ್ಯರಿಗೆ ತೋರಿಸಿ, ಅವರು ಹೇಳಿದರೆ ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಗೆ ಹೋಗಿ. ಹಳೆಯ ಚೀಟಿಗಳನ್ನೂ, ಹಕೀಮರು ಕೊಟ್ಟ ಪುಡಿಗಳ ಹೆಸರನ್ನೂ ಜೊತೆಗೆ ಒಯ್ಯಿರಿ.