ಅಕ್ಷರ ಮೀರಿದ ‘ಲಿಟರಲಿ’

2013ರ ಆಗಸ್ಟ್‌ನಲ್ಲಿ ಬ್ರಿಟನ್ನಿನ ಪತ್ರಿಕೆಗಳು ‘ಲಿಟರಲಿ’ (ಅಕ್ಷರಶಃ) ಎಂಬ ಒಂದು ಪದದ ಸುತ್ತ ಗುಲ್ಲೆಬ್ಬಿಸಿದವು. ಬರೀ ಒತ್ತು ಕೊಡಲು, ನಿಜವಲ್ಲದ ಮಾತಿಗೂ ಅದನ್ನು ಬಳಸುವುದುಂಟು ಎಂದು ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು ಒಪ್ಪಿಕೊಂಡಿತ್ತು. ತಮಾಷೆಯೆಂದರೆ, ನಿಘಂಟು ಹಾಗೆ ಪರಿಷ್ಕರಣೆಗೊಂಡಿದ್ದು 2011ರಲ್ಲೇ. ಸುಮಾರು ಎರಡು ವರ್ಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಈ ಬಳಕೆಯಂತೂ ಇನ್ನೂ ಹಳೆಯದು. ಲ್ಯಾಟಿನ್ನಿನ ‘ಲಿಟೆರಾ’ ಎಂದರೆ ಅಕ್ಷರ. ಬರೆದದ್ದನ್ನು ರೂಪಕವೆಂದು ಬಗೆಯದೆ ಇದ್ದ ಹಾಗೇ ಓದುವುದು ಈ ಪದದ ಮೂಲ ಅರ್ಥ. ಆದರೆ 1769ರಲ್ಲೇ ಲೇಖಕಿ ಫ್ರಾನ್ಸಿಸ್ ಬ್ರೂಕ್ ತಮ್ಮ ಕಾದಂಬರಿಯಲ್ಲಿ, ಚೆಲುವೆಯರ ನಡುವೆ ಬಂದಿಳಿದ ಗಂಡಸು ‘ಲಿಟರಲಿ’ ನೈದಿಲೆಗಳ ನಡುವೆ ಮೇಯುತ್ತಿದ್ದಾನೆ ಎಂಬರ್ಥದ ಮಾತು ಬರೆದರು. 1876ರಲ್ಲಿ ಮಾರ್ಕ್ ಟ್ವೈನ್‌ನ ಕಾದಂಬರಿಯ ಹುಡುಗ ಟಾಮ್ ಸಾಯರ್ ‘ಲಿಟರಲಿ’ ಸಿರಿವಂತಿಕೆಯಲ್ಲಿ ಹೊರಳಾಡಿದ. ಆ ಸಿರಿಯಲ್ಲಿದ್ದದ್ದು ಗೋಲಿಗಳು, ಒಂಟಿಗಣ್ಣಿನ ಬೆಕ್ಕಿನಮರಿ, ಸತ್ತ ಇಲಿ! ಜೇಮ್ಸ್ ಜಾಯ್ಸ್ ಕೂಡ ಇದಕ್ಕೆ ಹೊರತಲ್ಲ.

ಜಗಳವೂ ಹೊಸದಲ್ಲ. 1909ರಲ್ಲಿ ಅಮೆರಿಕದ ಲೇಖಕ ಆಂಬ್ರೋಸ್ ಬಿಯರ್ಸ್ ಈ ಬಳಕೆಯನ್ನು ಖಂಡಿಸಿದ. ಅದೇ ವರ್ಷ ಅಲ್ಲಿನ ವೆಬ್‌ಸ್ಟರ್ ನಿಘಂಟು ಅದನ್ನು ದಾಖಲಿಸಿತು. ಜನ ಆಡಿದ್ದನ್ನು ಬರೆದಿಡುವುದಷ್ಟೇ ತನ್ನ ಕೆಲಸ ಎಂಬುದು ನಿಘಂಟಿನ ಧೋರಣೆ.

ಹೀಗೇಕಾಯಿತು? ಉತ್ಪ್ರೇಕ್ಷೆಗೆ ಯಾವಾಗಲೂ ಸತ್ಯದ ಆಣೆ ಬೇಕು. ಇಂದು ‘ಬಹಳ’ ಎಂದಷ್ಟೇ ಕೇಳಿಸುವ ‘ವೆರಿ’ ಒಂದು ಕಾಲಕ್ಕೆ ‘ನಿಜವಾದ’ ಎಂಬ ಅರ್ಥದ ಫ್ರೆಂಚ್ ಪದವಾಗಿತ್ತು. ‘ರಿಯಲಿ’ ಹಿಡಿದದ್ದೂ ಇದೇ ದಾರಿ. ಅವುಗಳ ಬಗ್ಗೆ ಇಂದು ಯಾರೂ ತಕರಾರು ತೆಗೆಯುವುದಿಲ್ಲ. ನಮ್ಮ ‘ಅಕ್ಷರಶಃ’ ಪದವೂ ಬೇರೆಯಲ್ಲ: ಮಳೆ ಸುರಿದರೆ ಸಾಕು, ಪತ್ರಿಕೆಗಳಲ್ಲಿ ರಸ್ತೆಗಳು ಅಕ್ಷರಶಃ ನದಿಗಳಾಗುತ್ತವೆ.

ನಕ್ಕು ನಕ್ಕು ‘ಲಿಟರಲಿ’ ಸತ್ತೇಹೋದೆ ಎಂದವರಿಗಾಗಿ ಯಾರೂ ಆಂಬುಲೆನ್ಸ್ ಕರೆಯುವುದಿಲ್ಲ. ಆಗಲಾರದ್ದು ಆಗಿಲ್ಲವೆಂದು ಕೇಳುವವರಿಗೆ ಗೊತ್ತು. ಪೇಚಿರುವುದು ಆಗಬಹುದಾದ ಸಂಗತಿಗಳಲ್ಲಿ. ಮದುವೆಗೆ ‘ಲಿಟರಲಿ’ ಸಾವಿರ ಜನ ಬಂದಿದ್ದರು ಎಂದರೆ, ತಲೆ ಎಣಿಸಿ ಹೇಳಿದ್ದೋ, ಗದ್ದಲ ನೋಡಿ ಹೇಳಿದ್ದೋ? ಅಲ್ಲಿ ಮಾತ್ರ ಈ ಪದವನ್ನು ಬಿಟ್ಟು ಲೆಕ್ಕವನ್ನೇ ಹೇಳುವುದು ಮೇಲು.